ಬೆಳ್ಳುಳ್ಳಿ ಕಟ್ಟು

ರಾಮನಗರದಲ್ಲಿ ರೇಷ್ಮೆಗೆ ಒಳ್ಳೆಯ ಕಾಲ ಬಂದಿದ್ದ ವರ್ಷಗಳವು. ತಿಪ್ಪಸಂದ್ರದಿಂದ ಬಂದ ದಾಸಮ್ಮ, ಅಂಕಮ್ಮ ಇಬ್ಬರೂ ಗಂಗಹನುಮಯ್ಯನ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದರು. ಒಂದೇ ಕೋಣೆಯಲ್ಲಿ ವಾಸ, ಒಂದೇ ಒಲೆಯಲ್ಲಿ ಅಡುಗೆ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುವ ಕೆಲಸ. ದಾಸಮ್ಮ ಚಿಕ್ಕವಳು, ಕೈ ಚುರುಕು. ಎಳೆಯ ತುದಿ ತಾನಾಗಿಯೇ ಬಂದು ಅವಳ ಬೆರಳಿಗೆ ಅಂಟುತ್ತದೆ ಎಂದು ಉಳಿದವರು ಹೇಳುತ್ತಿದ್ದರು.

ಆ ಮಳೆಗಾಲದಲ್ಲಿ ಅವಳ ಬೆರಳಸಂದಿಗಳಿಗೆ ನಂಜು ಹತ್ತಿತು. ಚರ್ಮ ಬೆಳ್ಳಗೆ ನೆನೆದು ಸುಲಿಯಿತು, ವಿಪರೀತ ತುರಿಕೆ. ಆಸ್ಪತ್ರೆಯಲ್ಲಿ ಕೊಟ್ಟ ಮುಲಾಮು ನೀರಿಗೆ ಕೈಯಿಟ್ಟೊಡನೆ ತೊಳೆದುಹೋಗುತ್ತಿತ್ತು.

ಅದೇ ವಾರ ಗಂಗಹನುಮಯ್ಯ, ಮುಂದಿನ ತಿಂಗಳು ಹೊಸ ಯಂತ್ರ ಬರುತ್ತದೆ, ಅದಕ್ಕೆ ಆರು ಜನ ಸಾಕು ಎಂದ. ಶೆಡ್ಡಿನಲ್ಲಿದ್ದವರು ಏಳು ಜನ. ಏಳನೆಯವಳು ತಾನೇ ಎಂದು ಅಂಕಮ್ಮನಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಎಳೆ ಪದೇಪದೇ ಹರಿಯುತ್ತಿತ್ತು.

“ಶರ್ಫುನ್ನೀಸಮ್ಮ ಇಂಥದ್ಕೆ ಮದ್ದು ಹೇಳ್ತಾರೆ. ನಾನೇ ಕೇಳ್ಕಂಡು ಬತ್ತೀನಿ ಬುಡು,” ಎಂದಳು ಅಂಕಮ್ಮ. ಓಣಿಯ ಕೊನೆಮನೆಯ ಆ ಮುದುಕಿ ವರ್ಷಗಟ್ಟಲೆ ನೂಲು ತೆಗೆದವಳು.

ಭಾನುವಾರ ರಜೆ. ಊಟವಾದ ಮೇಲೆ ಅಂಕಮ್ಮ ಎರಡು ಗಡ್ಡೆ ಬೆಳ್ಳುಳ್ಳಿ ಜಜ್ಜಿ, ದಾಸಮ್ಮನ ಬೆರಳಸಂದಿಗಳಿಗೆಲ್ಲ ಮೆತ್ತಿ, ಹಳೇ ಸೀರೆಯ ಚಿಂದಿ ಸುತ್ತಿ ಎರಡೂ ಕೈಗಳನ್ನು ಬಿಗಿಯಾಗಿ ಕಟ್ಟಿದಳು.

ಸ್ವಲ್ಪ ಹೊತ್ತಿಗೆಲ್ಲ ದಾಸಮ್ಮ ಒದ್ದಾಡತೊಡಗಿದಳು. “ಉರೀತೈತೆ ಕಣಕ್ಕ. ಬಿಚ್ಚಕ್ಕ.”

“ಉರಿದ್ರೇನೇ ನಂಜು ಸಾಯಾದು. ಹೊತ್ತು ಮುಳುಗೋ ಗಂಟ ಬಿಚ್ಚಬ್ಯಾಡ ಅಂದವ್ರೆ.”

ದಾಸಮ್ಮ ಹಲ್ಲಿನಿಂದ ಗಂಟು ಎಳೆಯಲು ಹೋದಾಗ ಅಂಕಮ್ಮ ಅವಳ ಮಣಿಕಟ್ಟುಗಳನ್ನು ಹಿಡಿದು ತನ್ನ ತೊಡೆಯಡಿ ಒತ್ತಿಕೊಂಡಳು. ತಲೆ ಸವರಿದಳು. “ಒಸಿ ತಡ್ಕೊ ನನ್ನವ್ವ,” ಎಂದು ಸಂಜೆಯವರೆಗೂ ಹಾಗೆಯೇ ಕೂತಿದ್ದಳು.

ಬಿಚ್ಚಿದಾಗ ಚಿಂದಿಯ ಜೊತೆ ಚರ್ಮವೂ ಬಂತು. ಮರುದಿನ ದಾಸಮ್ಮ ಹಾಗೆಯೇ ಶೆಡ್ಡಿಗೆ ಹೋದಳು. ಬಿಸಿನೀರಿಗೆ ಕೈಯಿಟ್ಟವಳು ಅಲ್ಲೇ ಕುಸಿದು ಬಿದ್ದಳು.

ಗಾಯ ಆರಲು ಒಂದೂವರೆ ತಿಂಗಳು ಹಿಡಿಯಿತು. ಬೆರಳ ನಡುವಿನ ಚರ್ಮ ಗಂಟುಗಟ್ಟಿ, ಅಂಗೈ ಪೂರಾ ಬಿಡಿಸಲು ಆಗುತ್ತಿರಲಿಲ್ಲ. ಕೊನೆಗೆ ಅವಳೇ ಶರ್ಫುನ್ನೀಸಾಳ ಬಳಿ ಹೋಗಿ ಕೈ ತೋರಿಸಿ, ಬೆಳ್ಳುಳ್ಳಿ ಕಟ್ಟಿದ್ದನ್ನು ಹೇಳಿದಳು. ಮುದುಕಿ ಅವಳ ಬೆರಳುಗಳನ್ನು ಬಿಡಿಸಿ ನೋಡಿದಳು.

“ಎಣ್ಣೇಲಿ ಕಲಸಿ ಒಸಿ ಸವರು, ಉರಿ ಹತ್ತಿದ ಕೂಡ್ಲೇ ತೊಳಿ ಅಂದಿದ್ದೆ. ಕಟ್ಬೇಡ, ಕಟ್ಟಿದ್ರೆ ಸುಟ್ಟೋಯ್ತದೆ ಅಂತ ಎರಡು ಸಲ ಹೇಳಿ ಕಳಿಸ್ದೆ. ಅವಳು ಕೇಳಿಸ್ಕೊಂಡು ಹೂಂ ಅಂದ್ಳು.”

ದಾಸಮ್ಮ ನೇರ ಶೆಡ್ಡಿಗೆ ನಡೆದಳು. ಹೊಸ ಯಂತ್ರದ ಆರನೆಯ ಜಾಗದಲ್ಲಿ ಅಂಕಮ್ಮ ಕೂತಿದ್ದಳು.

“ಗೊತ್ತಿದ್ದೂ ಕಟ್ದ್ಯಾ ಅಕ್ಕ?”

ಅಂಕಮ್ಮ ಎಳೆಯಿಂದ ಕಣ್ಣು ತೆಗೆಯಲಿಲ್ಲ. “ನಿನ್ ಕೈ ನೆಟ್ಟಗಿದ್ದಿದ್ರೆ ನಾನ್ ಬೀದೀಲಿರ್ತಿದ್ದೆ.”

ಉಳಿದ ಐವರೂ ತಲೆ ತಗ್ಗಿಸಿಕೊಂಡೇ ಕೆಲಸ ಮಾಡಿದರು. ಗಂಗಹನುಮಯ್ಯ ಬಾಗಿಲಿನಿಂದಲೇ ಹೇಳಿದ: “ಜಗಳ ಆಚೆ ಇಟ್ಕಳಿ. ಕೆಲ್ಸ ಬೇಕಾದ್ರೆ ಗೂಡಿಂದ ಉದುರಿರೋ ಸತ್ತ ಹುಳ ಗೋರಿ ಹಾಕು. ಬ್ಯಾಡ್ವಾ, ನಡಿ.”

ದಾಸಮ್ಮ ಮೂಲೆಯಲ್ಲಿದ್ದ ಕುಕ್ಕೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಯಂತ್ರದ ಕೆಳಗೆ ಬಗ್ಗಿದಳು. ಎಳೆ ಹರಿಯದಂತೆ ಹುಷಾರಾಗಿ, ಅವಳಿಗೆ ಗೋರಲು ಅನುಕೂಲವಾಗಲೆಂದು, ಅಂಕಮ್ಮ ಕಾಲು ಮೇಲೆತ್ತಿಕೊಂಡಳು.