ಮಂಚದ ಕೆಳಗಿನ ನಾದುವ ಯಂತ್ರ

ನನ್ನ ಅಕ್ಕ ವಿದಾದಳ ಮನೆಯಲ್ಲಿ ಮಂಚದ ಕೆಳಗೆ ಪೊರಕೆ ಆಡಿಸಲು ಜಾಗವಿರಲಿಲ್ಲ. ಅಲ್ಲಿ ತುಂಬಿದ್ದದ್ದೆಲ್ಲ ಅವಳ ಮಗಳು ರಬಾಬಳ ಪೆಟ್ಟಿಗೆಗಳು. ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅಕ್ಕ ಅವಳ ಮದುವೆಯ ಅಡುಗೆಮನೆಗೆ ಸಾಮಾನು ಕೂಡಿಡಲು ಶುರುಮಾಡಿದ್ದಳು. ನಮ್ಮ ಮಹಲ್ಲಾ ಊರಿನಲ್ಲಿ ಹೆಣ್ಣು ಹೆತ್ತವರೆಲ್ಲ ಮಾಡುವುದೇ ಇದು. ಮೊದಲು ಬಂದದ್ದು ಹಿಟ್ಟು ನಾದುವ ಯಂತ್ರ. ಆಮೇಲೆ ಮಿಕ್ಸಿ, ಟೋಸ್ಟರ್, ಕರೆಂಟಿನ ಕೆಟಲ್, ಈರುಳ್ಳಿ ಹೆಚ್ಚುವ ಯಂತ್ರ. ಚೀಟಿ ಎತ್ತಿದಾಗಲೆಲ್ಲ ಒಂದೊಂದು. ಒಂದರ ಟೇಪನ್ನೂ ಕಿತ್ತಿರಲಿಲ್ಲ. ಮದುವೆಗೆ ಮುಂಚೆ ಅವನ್ನೆಲ್ಲ ಗಾಡಿಯಲ್ಲಿ ಹೇರಿ, ಬೀದಿಯುದ್ದಕ್ಕೂ ಹಾಡು ಹಾಕಿಕೊಂಡು ಹುಡುಗನ ಮನೆಗೆ ಒಯ್ದು, ಎರಡೂ ಕಡೆಯ ಹೆಂಗಸರ ಎದುರಿಗೇ ಬಿಚ್ಚಿ ಜೋಡಿಸಬೇಕು. ಆಗ ಒಳಗಿಂದ ಅಂಗಡಿಯ ವಾಸನೆ ಬರಬೇಕು.

ಅಕ್ಕ ನೂಲಿನ ಗಿರಣಿಯಲ್ಲಿ ದುಡಿದವಳು. ಭಾವ ತೀರಿಹೋದ ಮೇಲೆ ಮನೆಯಲ್ಲೇ ರೊಟ್ಟಿ ಮಾಡಿ, ಈದ್ ಹಬ್ಬಕ್ಕೆ ತುಪ್ಪದ ಕಹ್ಕ್ ಬಿಸ್ಕತ್ತು ಮಾಡಿ ಮಾರುತ್ತಿದ್ದಳು. ಬೆರಳಿನ ಗೆಣ್ಣುಗಳೆಲ್ಲ ಊದಿದ್ದವು. ಚಳಿಗಾಲದ ಬೆಳಿಗ್ಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತು, ಬೆರಳು ಸಡಿಲವಾದ ಮೇಲೆ ಮಂಚದ ಪಕ್ಕದಲ್ಲೇ ಚಾಪೆ ಹಾಕಿ ಹಿಟ್ಟು ನಾದುತ್ತಿದ್ದಳು. ಕೂತಲ್ಲಿಂದ ಕೈ ಚಾಚಿದರೆ ಆ ಯಂತ್ರದ ಪೆಟ್ಟಿಗೆ ಸಿಗುತ್ತಿತ್ತು. ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

"ಬಿಚ್ಚೇ ಅದನ್ನ, ಮಾರಾಯ್ತಿ. ಅದು ಅಲ್ಲಿ ಮಲಗಿ ನಿದ್ದೆ ಮಾಡ್ತಿದೆ, ನೀನಿಲ್ಲಿ ಸಾಯ್ತಿದೀಯ."

"ಬಾಯಿ ಮುಚ್ಚು ಕರೀಮಾ. ಬಳಸಿದ್ದನ್ನ ಕೊಟ್ಟು ಕಳ್ಸಿದ್ರೆ ನನ್ನ ಮಗಳಿಗೆ ಆ ಮನೇಲಿ ಜೀವನ ಪೂರ್ತಿ ಚುಚ್ಚು ಮಾತು. ಅಪ್ಪ ಇಲ್ದೋಳು, ಹಳೇದು ಹೊತ್ಕೊಂಡು ಬಂದ್ಲು ಅಂತಾರೆ."

ಜನ ಹಾಗೆ ಅನ್ನುವುದೂ ನಿಜ.

ಮದುವೆ ಗೊತ್ತಾದ ಮೇಲೆ ಏರ್ ಫ್ರೈಯರ್ ಒಂದು ಬಾಕಿ ಇತ್ತು. ಅಕ್ಕ, ರಬಾಬ್, ನಾನು ಮೂವರೂ ಅಂಗಡಿಗೆ ಹೋದೆವು. ಅಕ್ಕ ಕಪ್ಪನೆಯ ದೊಡ್ಡದೊಂದನ್ನು ಹಿಡಿದು ನಿಂತಳು. ಕೋಳಿ ಇಡಿಯಾಗಿ ಕೂರುತ್ತದೆಂದು ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು.

"ಅಮ್ಮಾ, ಹೊಸ ಮನೇಲಿ ಅಡುಗೆ ಕಟ್ಟೆ ಎಷ್ಟಿದೆ ಗೊತ್ತಾ? ಗೇಣು ಹಾಕಿ ನೋಡಿದೀನಿ," ಎಂದಳು ರಬಾಬ್. "ಇದು ಕೂತ್ರೆ ಟೊಮೇಟೊ ಹೆಚ್ಚೋಕೆ ನಾನು ಅಶ್ರಫನ ಬೆನ್ನು ಬಳಸ್ಬೇಕು."

"ಗಂಡನಾಗೋನ ಹೆಸರು ಹಿಡ್ಕೊಂಡು ಏನೇ ಇದು ತಮಾಷೆ! ಜಾಗ ಇಲ್ದಿದ್ರೆ ಫ್ರಿಜ್ ಮೇಲಿಡು."

"ಫ್ರಿಜ್ ಮೇಲೆ ಟೋಸ್ಟರ್ ಬರತ್ತೆ."

"ಟೋಸ್ಟರ್ ಮೇಲಿಡು!"

ಅಂಗಡಿಯವನೂ ನಕ್ಕ. ಕೊನೆಗೆ ಕಪ್ಪು ದೊಡ್ಡದೇ ಬಂತು. ಅಕ್ಕನ ಎದುರು ಯಾರ ಆಟವೂ ನಡೆಯುವುದಿಲ್ಲ.

ಸಾಮಾನು ಹೋಗುವ ದಿನ ಬೀದಿಯ ಬಾಲ್ಕನಿಗಳಲ್ಲೆಲ್ಲ ಕಣ್ಣುಗಳು. ಗಾಡಿಯ ತುದಿಯಲ್ಲಿ ನಾದುವ ಯಂತ್ರದ ಪೆಟ್ಟಿಗೆ, ಎಲ್ಲರಿಗೂ ಕಾಣುವಂತೆ. ಅಕ್ಕ ಅದನ್ನು ಒಳಗೆ ಇಡಿರೆಂದು ಹೇಳಿದ್ದಳು, ಹುಡುಗರು ಕೇಳಲಿಲ್ಲ. ದಾರಿಯುದ್ದಕ್ಕೂ ಅವಳ ಮುಖ ಬಾಡಿತ್ತು. ಮಗಳು ದೂರವಾಗುವ ಸಂಕಟವೆಂದು ನಾನು ಅವಳ ಬೆನ್ನು ಸವರಿದೆ.

ಹೊಸ ಮನೆಯಲ್ಲಿ ಹುಡುಗನ ಕಡೆಯ ಹೆಂಗಸರು ಹಜಾರದಲ್ಲಿ ಪರದೆ ಕಟ್ಟುತ್ತಿದ್ದರು. ಅಡುಗೆಮನೆಯಲ್ಲಿ ನಾವು ಮೂವರು, ಜೊತೆಗೆ ಅಶ್ರಫನ ತಾಯಿ ತಹಿಯಾ. ಹಜ್ ಮುಗಿಸಿ ಬಂದವಳೆಂದು ಎಲ್ಲರೂ ಅವಳನ್ನು ಹಾಜ್ಜಾ ಎನ್ನುತ್ತಿದ್ದರು. ನಿಶ್ಚಿತಾರ್ಥದ ದಿನ ನಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿ ಧೂಳು ನೋಡಿದ ಹೆಂಗಸು ಅವಳು. ಅಂದಿನಿಂದಲೇ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

"ನಾದೋ ಯಂತ್ರ ಮುಂದಿರ್ಲಿ," ಎಂದು ಹಾಜ್ಜಾ ತಾನೇ ಪೆಟ್ಟಿಗೆ ಬಿಚ್ಚಿದಳು. ಟೇಪು ಸಲೀಸಾಗಿ ಎದ್ದು ಬಂತು. ಯಂತ್ರವನ್ನು ಕಟ್ಟೆಯ ಮೇಲಿಟ್ಟು, ಅದರ ತಲೆ ಮೇಲೆತ್ತಿ, ನಾದುವ ಕೊಕ್ಕೆ ಸಿಕ್ಕಿಸುವ ಜಾಗದಲ್ಲಿ ಬೆರಳಾಡಿಸಿದಳು. ಅಲ್ಲೇ ನಿಂತಳು. ಉಗುರಿನಿಂದ ಏನನ್ನೋ ಕೆರೆದು ಮೂಗಿಗೆ ಹಿಡಿದಳು.

"ತುಪ್ಪ," ಎಂದಳು. "ಒಣಗಿದ ಹಿಟ್ಟು. ಅಂಗಡಿಯವರು ಯಂತ್ರಕ್ಕೆ ತುಪ್ಪದ ಹಿಟ್ಟು ಮೆತ್ತಿ ಮಾರೋದನ್ನ ನಾನು ಕಾಣೆ."

ಅಂಗಡಿಯವನು ಮೋಸ ಮಾಡಿದನೆಂದು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ರಬಾಬ್ ಮುಂದೆ ಬಂದಳು.

"ನಾನು ಬಳಸಿದ್ದು, ಹಾಜ್ಜಾ. ಆಸೆ ಆಯ್ತು, ಬಿಚ್ಚಿದೆ."

"ಸುಳ್ಳು," ಎಂದಳು ಅಕ್ಕ. ಅವಳು ಗೋಡೆ ಹಿಡಿದುಕೊಂಡಿದ್ದಳು. "ನಾನು ಬಳಸಿದ್ದು. ಹೋದ ಈದಿನಲ್ಲಿ. ಕಹ್ಕ್ ಮಾಡ್ತೀನಿ ಅಂತ ಇಡೀ ಬೀದಿಗೆ ಒಪ್ಕೊಂಡ್ಬಿಟ್ಟಿದ್ದೆ. ಅವತ್ತು ಬಿಸಿನೀರಲ್ಲಿ ಎಷ್ಟು ಹೊತ್ತು ಇಟ್ರೂ ಕೈ ಮಡಚ್ಲೇ ಇಲ್ಲ. ಒಂದೇ ಸಲ, ದೇವರಾಣೆ. ತೊಳೆದು, ಒರೆಸಿ, ಹೊಸ ಟೇಪ್ ಹಾಕಿಟ್ಟೆ. ಇದರಲ್ಲಿ ನನ್ನ ಮಗಳದೇನೂ ಇಲ್ಲ. ಅವಳಿಗೇನೂ ಅನ್ಬೇಡಿ, ಹಾಜ್ಜಾ. ಹೊಸದು ತಂದ್ಕೊಡ್ತೀನಿ."

ಅಕ್ಕನನ್ನು ನಾನು ಅಷ್ಟು ಸಣ್ಣಗೆ ಎಂದೂ ಕಂಡಿರಲಿಲ್ಲ. ತಾನು ದುಡಿದು ತಂದ ಯಂತ್ರ, ತನ್ನದೇ ಕೈನೋವು. ಅದಕ್ಕೆ ಕಳ್ಳಿಯ ಹಾಗೆ ನಿಲ್ಲಬೇಕೇ? ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ನನಗೆ ಗೊತ್ತಿತ್ತು, ಅಮ್ಮಾ," ಎಂದಳು ರಬಾಬ್. "ಆ ಸಲದ ಕಹ್ಕ್ ಬಾಯಿಗಿಟ್ಟಾಗ್ಲೇ ಗೊತ್ತಾಯ್ತು, ನೀನು ಕೈಯಲ್ಲಿ ನಾದಿಲ್ಲ ಅಂತ. ಖುಷಿಯಾಯ್ತು. ಇನ್ನು ಮೇಲಾದ್ರೂ ಬಳಸ್ತಾಳೆ ಅಂದ್ಕೊಂಡೆ. ಪ್ರತಿ ಸಲ ಕಸ ಗುಡಿಸುವಾಗ ಆ ಪೆಟ್ಟಿಗೇನ ನಿನ್ನ ಕೈಗೆ ಸಿಗೋ ಹಾಗೆ ಮುಂದಕ್ಕೆ ಎಳೆದಿಡ್ತಿದ್ದೆ. ನೀನು ಮತ್ತೆ ಒಳಕ್ಕೆ ತಳ್ತಿದ್ದೆ."

ಅಕ್ಕ ಮಗಳನ್ನು ನೋಡಿದಳು.

ಹಾಜ್ಜಾ ನಿಲುವಂಗಿಗೆ ಬೆರಳು ಒರೆಸಿಕೊಂಡಳು. "ಕೈ ತೋರ್ಸು, ರಬಾಬ್ ಅಮ್ಮ," ಎಂದಳು. ಅಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಾಜ್ಜಾ ಬಿಡಲಿಲ್ಲ. ಹಿಡಿದು, ಬೆಳಕಿಗೆ ತಿರುಗಿಸಿ, ಒಂದೊಂದೇ ಗೆಣ್ಣನ್ನು ಒತ್ತಿ ನೋಡಿದಳು. ಆ ಬೆರಳು ಇಲ್ಲೂ ಧೂಳು ಹುಡುಕುತ್ತಿದೆಯೇನೋ ಎನ್ನಿಸಿತು ನನಗೆ.

"ಬಳಸಿದ್ದನ್ನ ಮದುಮಗಳ ಅಡುಗೆಮನೇಲಿ ಇಡೋ ಹಾಗಿಲ್ಲ," ಎಂದಳು. "ವಾಪಸ್ ತಗೊಂಡು ಹೋಗು."

ಅಕ್ಕ ಕಣ್ಣು ಮುಚ್ಚಿಕೊಂಡಳು.

"ತಗೊಂಡು ಹೋಗಿ ನಿನ್ನ ಮನೆ ಕಟ್ಟೆ ಮೇಲಿಡು. ಮಂಚದ ಕೆಳಗಲ್ಲ, ಕಟ್ಟೆ ಮೇಲೆ. ಬರೋ ಈದಿಗೆ ನಮ್ಮನೆ ಕಹ್ಕೂ ನಿನ್ನದೇ. ಕೈಯಲ್ಲಿ ನಾದಿದ್ದು ಕಳ್ಸಿದ್ಯೋ, ಬಾಗಿಲಿಂದಾನೇ ವಾಪಸ್ ಕಳಿಸ್ತೀನಿ. ನನಗೆ ಗೊತ್ತಾಗತ್ತೆ."

ಹಜಾರದಿಂದ ಹುಡುಗನ ಸೋದರತ್ತೆಯೊಬ್ಬಳು ಇಣುಕಿ, "ನಾದೋ ಯಂತ್ರ ಯಾಕೆ ಮತ್ತೆ ಪೆಟ್ಟಿಗೆಗೆ ಹೋಗ್ತಿದೆ? ಏನಾದ್ರೂ ಐಬಾ?" ಎಂದಳು.

"ಐಬು ನಿನ್ನ ಕಣ್ಣಿಗೆ," ಎಂದಳು ಹಾಜ್ಜಾ. "ಕಟ್ಟೆ ಸಾಲಲ್ಲ. ಗೇಣು ಹಾಕಿ ನೋಡ್ದೆ. ಅವಳ ತಾಯಿ ಮನೇಲೇ ಇರ್ಲಿ ಅಂತ ನಾನೇ ಅಂದೆ. ಹೋಗು, ಪರದೆ ನೋಡ್ಕೋ."

ಆ ಹೆಂಗಸಿನ ಬಗ್ಗೆ ನಾನು ಆಡಿದ ಮಾತುಗಳನ್ನೆಲ್ಲ ವಾಪಸ್ ತೆಗೆದುಕೊಂಡೆನೆಂದು ಹೇಳಲಾರೆ. ಆಮೇಲೂ ಅವಳು ಮಿಕ್ಸಿಯ ಬಣ್ಣಕ್ಕೆ ಮೂಗು ಮುರಿದಳು, ಕಪ್ಪು ಏರ್ ಫ್ರೈಯರ್ ನೋಡಿ "ಇದೇನು, ಸೂಟ್‌ಕೇಸಾ?" ಎಂದಳು. ಆದರೆ ಅವತ್ತು ಅವಳ ಕೈಗೆ ಮುತ್ತಿಡುವಷ್ಟು ಪ್ರೀತಿ ಬಂದದ್ದು ನಿಜ.

ಮದುವೆಯಾಯಿತು. ಈದ್ ಹತ್ತಿರ ಬಂತು. ಅಕ್ಕನ ಕಟ್ಟೆಯ ಮೇಲೆ ಯಂತ್ರ ಕೂತಿತ್ತು. ಹಳೆಯ ದಿಂಬಿನ ಚೀಲದಿಂದ ಅದಕ್ಕೊಂದು ಹೊದಿಕೆ ಹೊಲಿದಿದ್ದಳು. ಧೂಳು ಕೂತರೆ ರಬಾಬ್‌ಗೆ ಕೊಡುವಾಗ ಚೆನ್ನಾಗಿರುವುದಿಲ್ಲವಂತೆ. ನಾನು ಹಣೆ ಚಚ್ಚಿಕೊಂಡೆ.

ನಾನು ಹೋದಾಗ ಅವಳು ಹಿಟ್ಟು, ಬಿಸಿ ತುಪ್ಪ, ಎಳ್ಳು ಹಾಕಿ ನಿಂತಿದ್ದಳು. ರಬಾಬ್ ತವರಿಗೆ ಬಂದವಳು ಬಾಗಿಲಲ್ಲಿ ಕೂತು ತಾಯಿಯನ್ನೇ ನೋಡುತ್ತಿದ್ದಳು. ಅಕ್ಕ ಒಂದು ಸಲ ಹೊರಗೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ವಿಚ್ ಒತ್ತಿದಳು. ಯಂತ್ರ ಗುರ್ರೆಂದು ತಿರುಗತೊಡಗಿತು. ಹಿಟ್ಟು ತಾನಾಗಿಯೇ ಒಟ್ಟಾಗುತ್ತಿತ್ತು.

ಅಕ್ಕ ಸ್ವಲ್ಪ ಹೊತ್ತು ಕೈಗಳನ್ನು ಬಟ್ಟಲಿನ ಹತ್ತಿರವೇ ಹಿಡಿದುಕೊಂಡಿದ್ದಳು. ಆಮೇಲೆ ಸೊಂಟಕ್ಕೆ ಒರೆಸಿಕೊಂಡಳು. ಒಂದರ ಮೇಲೊಂದು ಇಟ್ಟಳು, ಮತ್ತೆ ಬಿಡಿಸಿದಳು.

"ಕರೀಮಾ," ಎಂದಳು ನನ್ನ ಕಡೆ ತಿರುಗಿ, "ಇವನ್ನ ಈಗ ಏನು ಮಾಡ್ಲೇ?"

ರಬಾಬ್ ಎದ್ದು ಬಂದು ಆ ಎರಡೂ ಕೈಗಳನ್ನು ಹಿಡಿದುಕೊಂಡಳು.