ಕೆಂಪು-ಕಪ್ಪು ಗುಳಿಗೆಯ ಭರಣಿ

ವೆವೆತೆನಾಂಗೊ ಪಟ್ಟಣದ ಸಂತೆಬೀದಿಯಲ್ಲಿ ಕಸಿಲ್ದಾಳ ಅಂಗಡಿಗೆ ಕೆಮ್ಮುತ್ತ ಬಂದವರು ನಗುತ್ತ ಹೋಗುತ್ತಿದ್ದರು. ಗಿರಾಕಿ ಕೆಮ್ಮಿದ ಹಾಗೇ ಅವಳೂ ಕೆಮ್ಮಿ ತೋರಿಸುವಳು. ಆಮೇಲೆ ಸೋಪು, ಮೇಣದಬತ್ತಿಗಳ ನಡುವೆ ಬಣ್ಣಬಣ್ಣದ ಆಂಟಿಬಯಾಟಿಕ್ ಗುಳಿಗೆ ತುಂಬಿದ ಗಾಜಿನ ಭರಣಿಗೆ ಕೈ ಹಾಕುವಳು.

"ಇದು ಹಳೇ ಬಸ್ಸು ಗುಡ್ಡ ಹತ್ತೋ ಕೆಮ್ಮು, ತೊಮಾಸಾ. ಕೆಂಪು-ಕಪ್ಪು ಗುಳಿಗೆ ಎರಡು ತಗೋ."

"ಎರಡೇ ಸಾಕಾ ಅಕ್ಕಾ?" ತೊಮಾಸಾ ಕೇಳಿದಳು.

"ಜ್ವರ ಇಳಿದ್ಮೇಲೂ ನುಂಗೋಕೆ ಅದೇನು ಮಿಠಾಯಿನಾ?"

ಇಟ್ಟಿಗೆ ಗೂಡಿನ ಧೂಳು ಕುಡಿದು ಬರುವ ಗಂಡ ಇಲಾರಿಯೊಗೂ ಅದೇ ಉಪಚಾರ: ಕೆಮ್ಮಿದಾಗೆಲ್ಲ ಒಂದು ಗುಳಿಗೆ, ಮೇಲೆ ಬಿಸಿ ಜೋಳದ ಗಂಜಿ. ಈ ಸಲ ಮಾತ್ರ ಭರಣಿಯ ಬಣ್ಣಗಳೆಲ್ಲ ಮುಗಿದರೂ ಜ್ವರ ಇಳಿಯಲಿಲ್ಲ. ತುಟಿ ನೀಲಿಯಾದಾಗ ಆಸ್ಪತ್ರೆಗೆ ಹೊತ್ತು ತಂದರು.

ಮೂರು ದಿನದ ಮೇಲೆ ಅಲ್ಲಿನ ಡಾಕ್ಟರ್ ರೆಬೆಕಾ ಒಂದು ಪುಟ್ಟ ಗಾಜಿನ ತಟ್ಟೆ ತೋರಿಸಿದಳು. "ಇವು ಅವರ ಕಫದಿಂದ ಬೆಳೆಸಿದ ಕ್ರಿಮಿಗಳು. ಈ ಬಿಳಿ ಚುಕ್ಕಿಗಳು ಒಂದೊಂದು ಔಷಧ, ನಿಮ್ಮ ಭರಣಿಯವೂ ಇವೆ. ಕ್ರಿಮಿ ಔಷಧಕ್ಕೆ ಸಾಯೋ ಹಾಗಿದ್ರೆ ಚುಕ್ಕಿ ಸುತ್ತ ಜಾಗ ಖಾಲಿ ಇರ್ಬೇಕಿತ್ತು."

ಕಸಿಲ್ದಾ ಬಗ್ಗಿ ನೋಡಿದಳು. ಬಹುತೇಕ ಚುಕ್ಕಿಗಳನ್ನು ಕ್ರಿಮಿಗಳು ಮಿಠಾಯಿಗೆ ಇರುವೆ ಮುತ್ತಿದ ಹಾಗೆ ಮುತ್ತಿದ್ದವು.

"ನಾನೇನು ವಿಷ ಕೊಟ್ಟೆನಾ ಡಾಕ್ಟ್ರೇ? ನಿಮ್ಮ ಸಾಲಲ್ಲಿ ನಿಂತ್ರೆ ದಿನದ ಕೂಲಿನೇ ಹೋಗುತ್ತೆ. ಜನ ನನ್ನತ್ರ ಬರ್ದೆ ಎಲ್ಲಿಗೆ ಹೋಗ್ಬೇಕು?"

"ಸಾಲು ಉದ್ದ, ಒಪ್ತೀನಿ. ಆದ್ರೆ ಬೇಡದಾಗ ಒಂದು, ಬೇಕಾದಾಗ ಅರೆಬರೆ ಕೊಟ್ರೆ, ಏಟು ತಡ್ಕೊಳ್ಳೋ ಕ್ರಿಮಿಗಳೇ ಉಳಿದು ಬೆಳೀತಾವೆ. ಅವು ಒಬ್ಬರಲ್ಲೇ ನಿಲ್ಲಲ್ಲ, ಊರಿಗೆಲ್ಲ ಹರಡ್ತಾವೆ. ನೋಡಿ, ಇದೊಂದು ಚುಕ್ಕಿ ಸುತ್ತ ಮಾತ್ರ ಖಾಲಿ ಇದೆ. ಆ ಇಂಜೆಕ್ಷನ್ ಶುರು ಮಾಡಿದೀವಿ."

ಇಲಾರಿಯೊ ಬದುಕಿದ, ಆದರೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಮರಳುವಷ್ಟು ಉಸಿರು ಉಳಿಯಲಿಲ್ಲ.

ಕಸಿಲ್ದಾ ಮತ್ತೆ ಅಂಗಡಿ ತೆರೆದದ್ದು ಸಂತೆಯ ದಿನ. ಮೊದಲು ಬಂದವಳು ತೊಮಾಸಾ.

"ಜ್ವರ ಮತ್ತೆ ಬಂತು ಅಕ್ಕಾ. ಎಲ್ಲಿ, ನನ್ನ ಹಳೇ ಬಸ್ಸು ಓಡ್ಸು ನೋಡೋಣ!" ಎಂದು ನಗಲು ಹೋಗಿ ಕೆಮ್ಮಿದಳು.

ಕೆಮ್ಮಿನ ಕೊನೆಯಲ್ಲಿ ಇಲಾರಿಯೊನ ಎದೆಯಲ್ಲಿ ಕೇಳಿದ್ದಂಥದೇ ಸೀಟಿಯ ಸದ್ದು ಕೇಳಿಸಿತು. ಅಣಕಿಸಲು ಬಾಯಿ ತೆರೆದಿದ್ದ ಕಸಿಲ್ದಾ ಅದನ್ನು ಮುಚ್ಚಿದಳು. ಖಾಲಿ ಭರಣಿಯನ್ನು ಬೋರಲು ಹಾಕಿ ಅವಳು ಅಂಗಡಿಯ ಬಾಗಿಲು ಎಳೆದಳು.

"ಸಂತೆ ದಿನ ಬಾಗ್ಲು ಹಾಕ್ತೀಯಾ? ಹುಚ್ಚಾ ನಿಂಗೆ?"

"ನಡಿ, ಆಸ್ಪತ್ರೆಗೆ. ಸಾಲಲ್ಲಿ ನಿನ್ ಜೊತೆ ನಾನೂ ನಿಲ್ತೀನಿ."

ದಾರಿಯಲ್ಲಿ ತೊಮಾಸಾ ಮತ್ತೆ ಕೆಮ್ಮಿದಳು. ಕಸಿಲ್ದಾ ಅವಳ ಬೆನ್ನ ಮೇಲೆ ಕೈಯಿಟ್ಟು, ಕೆಮ್ಮು ನಿಲ್ಲುವ ತನಕ ಕಾದಳು.