ಮೇಷ್ಟ್ರ ಬಲಗಾಲು

ನಮ್ಮೆಜಮಾನರು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಕಲಿಯಲು ಬಂದವರು ಅವರಿಗೆ ಇಟ್ಟಿರುವ ಹೆಸರು ಬ್ರೇಕ್ ಮೇಷ್ಟ್ರು. ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕ್, ಪಕ್ಕದಲ್ಲಿ ಕೂರುವ ಇವರ ಕಾಲಡಿ ಇನ್ನೊಂದು. ಕಲಿಯುವವರು ಒತ್ತೋಣವೇ ಬೇಡವೇ ಎಂದು ಯೋಚಿಸುವಷ್ಟರಲ್ಲಿ ಇವರು ಒತ್ತಿ ಮುಗಿಸಿರುತ್ತಾರೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಅವರ ಬಲಗಾಲಿಗೆ ತನ್ನದೇ ಒಂದು ಬುದ್ಧಿ ಬೆಳೆದುಬಿಟ್ಟಿದೆ. ಟೀವಿಯಲ್ಲಿ ಕಾರು ಜೋರಾಗಿ ಓಡಿದರೆ ನಮ್ಮ ಸೋಫಾದ ಮುಂದಿನ ಚಾಪೆ ಮುದುಡಿಕೊಳ್ಳುತ್ತದೆ. ನಿದ್ದೆಯಲ್ಲೂ ಒತ್ತುತ್ತಾರೆ, ಒತ್ತಿಸಿಕೊಳ್ಳುವುದು ನನ್ನ ಮೊಣಕಾಲು.

ಆ ಸ್ಕೂಲಿನಲ್ಲಿ ನಾನೂ ಮೇಡಂ. ಮುಂದಿನ ಕೋಣೆಯ ಗೋಡೆ ತುಂಬ ರಸ್ತೆ ಚಿಹ್ನೆಗಳ ಚಾರ್ಟು ನೇತುಹಾಕಿ, ಮರದ ಸ್ಕೇಲು ಹಿಡಿದು ಪಾಠ ಹೇಳುವವಳು ನಾನೇ. ತಿರುವಿನಲ್ಲಿ ಯಾರಿಗೆ ದಾರಿ ಬಿಡಬೇಕು, ಇಳಿಜಾರಿನಲ್ಲಿ ಯಾವ ಗೇರು, ಮುಂದಿನ ಗಾಡಿಯಿಂದ ಎಷ್ಟು ದೂರ, ಎಲ್ಲ ನನಗೆ ಬಾಯಿಪಾಠ. ಊರಿನ ಅರ್ಧ ಜನ ನನ್ನ ಪಾಠ ಕೇಳಿಯೇ ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಪಾಸಾದವರು ಕಾರು ಹತ್ತಿ ಹೋಗುತ್ತಾರೆ, ನಾನು ಬಸ್ ಸ್ಟಾಪಿಗೆ ನಡೆದು ಹೋಗುತ್ತೇನೆ. ದೀಪದ ಬುಡದಲ್ಲೇ ಕತ್ತಲು ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಯಾರೋ ಕಟ್ಟಿರಬೇಕು.

ಮದುವೆಯಾದ ಹೊಸದರಲ್ಲಿ ಒಮ್ಮೆ ಮನೆಯ ಕಾರಿನಲ್ಲಿ ಕಲಿಸಲು ಕೂತರು. ಗೇಟು ದಾಟುವುದರೊಳಗೆ ಅವರು ಕೂಗಿದ ಕೂಗಿಗೆ ಎದುರುಮನೆಯವರು ಹೊರಗೆ ಬಂದು ನಿಂತರು. ನಾನು ಕಾರು ಇಳಿದು ಒಳಗೆ ಹೋದೆ. ಅಲ್ಲಿಂದಾಚೆಗೆ ಕೇಳಿದಾಗಲೆಲ್ಲ "ಈಗ ಸೀಸನ್ನು ಕಣೇ", "ಈ ಬ್ಯಾಚ್ ಮುಗೀಲಿ ಕಣೇ". ಬ್ಯಾಚುಗಳು ಮುಗಿದವು, ನನ್ನ ತಲೆಕೂದಲು ನರೆಯಿತು. ನನ್ನ ಹೆಸರಿನ ಕಲಿಕಾ ಲೈಸೆನ್ಸನ್ನು ಮಾತ್ರ ನಾನು ಹಠಕ್ಕೆ ಬಿದ್ದು ಪ್ರತಿ ಸಲ ಹೊಸದು ಮಾಡಿಸುತ್ತಲೇ ಬಂದೆ. ಬಸ್ಸು ಹೋಗದ ಹಳ್ಳಿಯಲ್ಲಿರುವ ಅಮ್ಮನನ್ನು ನೋಡಿ ಬರಬೇಕೆಂದರೆ ಇವತ್ತಿಗೂ ಚೀಲ ಮಡಿಲಲ್ಲಿಟ್ಟುಕೊಂಡು, ಇವರ ಕೊನೆಯ ಕ್ಲಾಸು ಮುಗಿಯುವ ತನಕ ಬಾಗಿಲಲ್ಲಿ ಕೂರಬೇಕು. ಅಷ್ಟು ಹೊತ್ತಿಗೆ ಅಮ್ಮ ಊಟ ಮಾಡಿ ಮಲಗಿರುತ್ತಾಳೆ.

ಹೀಗಿರುವಾಗ ಪಾಸಾದ ಬ್ಯಾಚೊಂದು ಮೇಷ್ಟ್ರಿಗೆ ಉಡುಗೊರೆ ಕೊಟ್ಟಿತು. ಕಾಡಿನ ಮೇಲೆ ಮರದಿಂದ ಮರಕ್ಕೆ ಕಟ್ಟಿದ ಉಕ್ಕಿನ ತಂತಿಯಲ್ಲಿ ನೇತಾಡಿಕೊಂಡು ಜಾರುವ ಜಿಪ್‌ಲೈನ್ ಟೂರು, ಗಂಡಹೆಂಡತಿ ಇಬ್ಬರಿಗೂ ಟಿಕೆಟ್. "ಮೇಷ್ಟ್ರೇ, ಒಂದ್ಸಲ ನೀವೂ ಬೇರೆಯವ್ರ ಮಾತು ಕೇಳ್ಕೊಂಡು ಗಾಡಿ ಓಡಿಸಿ ನೋಡಿ" ಎಂದು ಹಲ್ಲು ಕಿರಿದು ಕೊಟ್ಟರು. ಅವರ ಹೊಟ್ಟೆಯಲ್ಲಿ ಎಷ್ಟು ದಿನದ ಉರಿ ಇತ್ತೋ ಏನೋ.

ಹೋಗುವ ದಾರಿಯಲ್ಲಿ ಮನೆಯ ಕಾರು ಓಡಿಸುತ್ತ ಇವರು ನಗುತ್ತಿದ್ದರು.

"ನೋಡ್ತಿರು, ಮೊದಲ್ನೇ ತಂತೀಲೇ ಕಿರುಚ್ಕೊಂಡು ಕೆಳಗಿಳೀತೀಯ."

"ಕೊನೇ ತಂತಿ ತನಕ ಹೋದ್ರೆ?"

"ಹೋದ್ರೆ ಕಾರ್ ಕಲಿಸ್ತೀನಿ."

"ಬೈಯದೆ?"

ಇವರು ಗೇರು ಬದಲಾಯಿಸಿದರು. "ಬೈಯದೆ. ಆದ್ರೆ ಮಧ್ಯದಲ್ಲಿ ಇಳಿದ್ಯೋ, ಇನ್ಮೇಲೆ ಈ ಮಾತು ಎತ್ತಂಗಿಲ್ಲ."

"ಆಯ್ತು" ಅಂದೆ. ಅಂದಮೇಲೆ ಸೀಟ್ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಾಕೆಂದರೆ ಸ್ಟೂಲು ಹತ್ತಿ ಅಟ್ಟದ ಡಬ್ಬಿ ತೆಗೆಯುವುದಕ್ಕೂ ನಾನು ಪಕ್ಕದ ಮನೆಯವಳನ್ನು ಕರೆಯುವವಳು.

ಕಾಡಿನ ಅಂಚಿನ ಹಲಗೆ ಮನೆಯಲ್ಲಿ ನಮಗೆ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಇಟ್ಟು, ಬಲಗೈಗೆ ದಪ್ಪ ಚರ್ಮದ ಗವಸು ತೊಡಿಸಿದರು. ಗೈಡ್ ಒಬ್ಬಳು ಹುಡುಗಿ, ನನ್ನ ಭುಜದಷ್ಟು ಎತ್ತರ, ದನಿ ಮಾತ್ರ ಕಾಡಿನ ಆ ಕಡೆಗೂ ಕೇಳುವಂಥದ್ದು. ತಂತಿಯ ಮೇಲೆ ಓಡುವ ರಾಟೆಯನ್ನು ತೋರಿಸಿ ಹೇಳಿದಳು:

"ಈ ಗವಸೇ ನಿಮ್ಮ ಬ್ರೇಕು. ತಂತಿ ಮೇಲೆ ಒತ್ತಿದ್ರೆ ನಿಧಾನ ಆಗುತ್ತೆ. ನಾನು ಎದುರುಗಡೆ ಮರದ ಮೇಲೆ ನಿಂತಿರ್ತೀನಿ. ಎರಡೂ ಕೈ ಎತ್ತಿದಾಗ ಒತ್ತಿ, ಅಲ್ಲೀ ತನಕ ಮುಟ್ಟಬೇಡಿ. ಮುಂಚೆ ಒತ್ತಿದ್ರೆ ನಡುವೆ ನಿಂತೋಗ್ತೀರ. ಕೆಳಗೆ ನೋಡ್ಬೇಡಿ, ಎದುರಿಗೆ ನೋಡಿ. ಅರ್ಥ ಆಯ್ತಾ? ಸಾರ್, ನಿಮ್ಗೇ ಕೇಳ್ತಿರೋದು!"

ಆ ದನಿ ಎಲ್ಲೋ ಕೇಳಿದ ಹಾಗಿತ್ತು. ಆಮೇಲೆ ಹೊಳೆಯಿತು, ಅದು ನಮ್ಮ ಸ್ಕೂಲ್ ಕಾರಿನ ಕಿಟಕಿಯಿಂದ ದಿನಾ ಹೊರಗೆ ಬರುವ ದನಿಯೇ. ನನಗೆ ಆ ಹುಡುಗಿಯ ಮೇಲೆ ತಕ್ಷಣ ಪ್ರೀತಿ ಹುಟ್ಟಿತು.

ನಿಂತು ಹೊರಡುವ ಮೊದಲ ಹಲಗೆ ಕಟ್ಟೆ ಒಂದು ಭಾರಿ ಮರದ ನಡುಮಟ್ಟದಲ್ಲಿತ್ತು. ಸುತ್ತ ಹಸಿಮಣ್ಣಿನ ವಾಸನೆ, ಕೊಂಬೆಗಳ ಸಂದಿಯಲ್ಲಿ ಜರಿಗಿಡಗಳ ಗೊಂಚಲು, ಕೆಳಗೆಲ್ಲೋ ಕಾಣದ ನೀರಿನ ಸದ್ದು. ಗೈಡ್ ಹುಡುಗಿ ಮೊದಲು ಹೋದಳು. ಹಿಂದೆ ಉಳಿದು ನಮ್ಮನ್ನು ಕೊಕ್ಕೆಗೆ ಸಿಕ್ಕಿಸಿ ತಳ್ಳುವವನು ಒಬ್ಬ ಮೀಸೆಯವನು, ಮಾತೇ ಆಡುತ್ತಿರಲಿಲ್ಲ. ಅವನು ನನ್ನನ್ನು ಕೇಳದೆಯೇ ಬಿಟ್ಟುಬಿಟ್ಟ.

ಕಿರುಚಿದೆ, ಸುಳ್ಳೇಕೆ ಹೇಳಲಿ. ಆದರೆ ಕಿರುಚಿ ಮುಗಿಯುವಷ್ಟರಲ್ಲಿ ಭಯವೂ ಮುಗಿದುಹೋಗಿತ್ತು. ಕಾಲ ಕೆಳಗೆ ಮರಗಳ ನೆತ್ತಿ, ಕಿವಿಯ ಪಕ್ಕ ರಾಟೆಯ ಗುಂಯ್‌ ಸದ್ದು, ಮುಖಕ್ಕೆ ಗಾಳಿ. ದೊಡ್ಡ ಕೊಕ್ಕಿನ ಒಂದು ಹಕ್ಕಿ ನನ್ನನ್ನು ನೋಡಿ ಕೊಂಬೆ ಬದಲಾಯಿಸಿತು. ಜನ್ಮದಲ್ಲಿ ಮೊದಲ ಸಲ ನಾನು ಯಾರ ಪಕ್ಕದಲ್ಲೂ ಕೂರದೆ ಎಲ್ಲಿಗೋ ಹೋಗುತ್ತಿದ್ದೆ. ಹುಡುಗಿ ಎರಡೂ ಕೈ ಎತ್ತಿದಳು, ನಾನು ಒತ್ತಿದೆ, ಅವಳ ಮುಂದೆಯೇ ಹೋಗಿ ನಿಂತೆ.

"ಅಕ್ಕಾ, ಸೂಪರ್!" ಅಂದಳು. ನಮ್ಮ ಸ್ಕೂಲಿನಲ್ಲಿ ಈ ಪದ ಯಾರಿಗೂ ಸಿಕ್ಕಿಲ್ಲ.

ಆಮೇಲೆ ಇವರು ಹೊರಟರು. ಹೊರಟ ಮರುಕ್ಷಣವೇ ಬಲಗಾಲು ಮುಂದಕ್ಕೆ ಚಾಚಿತು, ಗಾಳಿಯನ್ನು ಒತ್ತಿತು. ಗಾಳಿ ಒತ್ತಿದರೆ ಏನು ನಿಲ್ಲುತ್ತದೆ? ಕಾಲು ಕೈಕೊಟ್ಟಿತೆಂದು ಕೈ ಮೇಲೆ ಹೋಯಿತು, ಗವಸು ತಂತಿಯನ್ನು ಕಚ್ಚಿಕೊಂಡಿತು. ನಮ್ಮವರು ಕಾಡಿನ ನಟ್ಟನಡುವೆ ತ್ರಿಶಂಕುವಾಗಿ ನಿಂತರು.

"ಸಾರ್, ನಾನು ಕೈ ಎತ್ತಿದ್ನಾ?" ಹುಡುಗಿ ಕೂಗಿದಳು.

"ಎದುರಿಗೆ ಮರ ಬಂತಲ್ಲಮ್ಮಾ!"

"ಮರ ಅಲ್ಲೇ ಇತ್ತು ಸಾರ್, ಬಂದಿದ್ದು ನೀವು!"

ಅವಳು ತಂತಿಗೆ ತನ್ನ ಕೊಕ್ಕೆ ಸಿಕ್ಕಿಸಿಕೊಂಡು ಅಲ್ಲಿಗೆ ಜಾರಿದಳು. ಎರಡೂ ಕಾಲಿನಿಂದ ಇವರ ಸೊಂಟವನ್ನು ಇಕ್ಕಳದಂತೆ ಹಿಡಿದು, ಕೈಯಲ್ಲಿ ತಂತಿ ಜಗ್ಗುತ್ತ ಹಿಮ್ಮುಖವಾಗಿ ಎಳೆದುಕೊಂಡು ಬಂದಳು. ಕಟ್ಟೆಗೆ ಬಂದಾಗ ಇವರ ಮುಖ ಇಂಗು ತಿಂದ ಮಂಗನ ಹಾಗಿತ್ತು. ನಾನು ಆ ಕಡೆಯ ಜರಿಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ತಂತಿ ಸರಿಯಿಲ್ಲ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎರಡನೆಯ ತಂತಿಯಲ್ಲೂ ಅದೇ ಕತೆ. ಮೂರನೆಯದರಲ್ಲಿ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಹೊರಟರು, ಅರ್ಧದಾರಿಯಲ್ಲಿ ಬಲಗೈ ಬಿಡಿಸಿಕೊಂಡಿತು. ಆಮೇಲಿನದರಲ್ಲಿ ನಿಂತಾಗ ಹುಡುಗಿ ಕರೆದುಕೊಂಡು ಬರಲು ತಡ ಮಾಡಿದಳು. ನೀರು ಕುಡಿದು ಬರುತ್ತೇನೆ ಅಂದಳು. ಅಲ್ಲಿ ನೇತಾಡುತ್ತಲೇ ಇವರು ನನಗೆ ಕೂಗಿ ಹೇಳಿದರು: "ಸುರಕ್ಷತೆ ಮುಖ್ಯ ಕಣೇ! ಪಾಠದಲ್ಲಿ ನೀನೇ ಹೇಳಲ್ವಾ!" ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹೀಗೆ ನಾನು ಹಾರಿ, ಇವರು ಎಳೆಸಿಕೊಂಡು, ಇಬ್ಬರೂ ಕೊನೆಯ ಕಟ್ಟೆಗೆ ಬಂದೆವು. ಎದುರಿಗೆ ಕಣಿವೆ ಬಾಯಿ ತೆರೆದು ಮಲಗಿತ್ತು. ತಂತಿ ಹೋಗಿ ಹೋಗಿ ಮಂಜಿನೊಳಗೆ ದಾರದಷ್ಟು ತೆಳ್ಳಗಾಗಿತ್ತು. ಹುಡುಗಿ ಹಣೆ ಒರೆಸಿಕೊಂಡಳು.

"ಸಾರ್, ಇದು ತುಂಬಾ ಉದ್ದ. ಇಲ್ಲಿ ನಡುವೆ ನಿಂತ್ರೆ ಎಳೆಯೋಕೆ ನನ್ ಕೈಲಿ ಆಗಲ್ಲ. ನಿಮ್ಮನ್ನ ಒಬ್ರನ್ನೇ ಬಿಡಲ್ಲ. ಆ ಮೆಟ್ಟಿಲಿಳಿದು ನಡ್ಕೊಂಡು ಹೋಗ್ಬೇಕು. ಜೊತೆಗೆ ಬಂದವ್ರೂ ಇಳೀಬೇಕು, ಅದು ನಮ್ಮ ರೂಲು."

ಇವರ ಮುಖ ಹೂವಿನಂತೆ ಅರಳಿತು. "ರೂಲು ಅಂದ್ಮೇಲೆ ರೂಲು. ನಡಿ, ಇಳಿಯೋಣ. ಮತ್ತೆ ಆ ಮಾತು ಎತ್ತಂಗಿಲ್ಲ, ನೆನಪಿದೆಯಲ್ಲ?"

ನನಗೆ ಮೈಯೆಲ್ಲ ಉರಿದುಹೋಯಿತು. ನಡುವೆ ನಿಂತಿದ್ದು ಅವರು, ದಂಡ ನನಗೆ! ಬಾಗಿಲು, ಚೀಲ, ಮಲಗಿಬಿಟ್ಟ ಅಮ್ಮ ಎಲ್ಲ ಕಣ್ಣ ಮುಂದೆ ಬಂದು ನಿಂತವು.

"ತಾಯೀ, ಬೇರೆ ದಾರಿ ಇಲ್ವೇನಮ್ಮಾ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ನನ್ನನ್ನೂ ನೋಡಿದಳು, ಇವರನ್ನೂ ನೋಡಿದಳು. "ಇದೆ ಅಕ್ಕಾ. ಇಬ್ರೂ ಒಟ್ಟಿಗೆ ಹೋಗ್ಬಹುದು. ಸಾರ್ ಮುಂದೆ, ನೀವು ಹಿಂದೆ. ಬ್ರೇಕ್ ಹಿಂದಿನವ್ರ ಕೈಲಿ. ಮುಂದಿನವ್ರಿಗೆ ಗವಸೂ ಇಲ್ಲ, ಬ್ರೇಕೂ ಇಲ್ಲ."

"ಇವಳ ಕೈಲಾ?" ಅಂದರು ನಮ್ಮವರು.

"ಅಕ್ಕ ಒಂದ್ಸಲಾನೂ ತಪ್ಪಿಲ್ಲ ಸಾರ್."

"ಇಳಿದ್ರೆ ನೀವು ಸೋತ ಹಾಗೆ, ನಾನಲ್ಲ" ಅಂದೆ ನಾನು. "ಬ್ಯಾಚಿನವ್ರು ಕೇಳಿದ್ರೆ ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಸೊಂಟ ಹಿಡಿದು ಎಳೆದದ್ದನ್ನೂ ಸೇರಿಸಿ."

ಅವರು ಗವಸು ಬಿಚ್ಚಿದರು. ಮೀಸೆಯವನು ನಮ್ಮಿಬ್ಬರನ್ನೂ ಹಿಂದೆ ಮುಂದೆ ಸಿಕ್ಕಿಸಿದ. ಇವರ ಬೆನ್ನು ನನ್ನ ಎದೆಗೆ ಅಂಟಿತ್ತು, ಅವರ ಎದೆಬಡಿತ ನನಗೆ ಕೇಳಿಸುತ್ತಿತ್ತು. ಹುಡುಗಿ ಮೊದಲು ಹೋಗಿ ಮಂಜಿನಲ್ಲಿ ಕರಗಿದಳು. ಆಮೇಲೆ ಮೀಸೆಯವನು ಆ ದಿನದ ಒಂದೇ ಒಂದು ಮಾತಾಡಿದ: "ಹೋಗ್ಬನ್ನಿ."

"ಬ್ರೇಕ್!" ಎಂದು ಇವರು ಕಟ್ಟೆ ಬಿಡುವ ಮೊದಲೇ ಕೂಗಿದರು. "ಬ್ರೇಕ್ ಹಾಕೇ! ಸ್ಪೀಡ್ ನೋಡು! ಹಾಕೇ ಅಂದ್ರೆ!"

"ಎದುರಿಗೆ ನೋಡಿ" ಅಂದೆ.

ಬಲಗಾಲು ಗಾಳಿಯನ್ನು ಒತ್ತಿತು, ಮತ್ತೆ ಒತ್ತಿತು. ಮೂರನೆಯ ಒತ್ತಿಗೆ ಶೂ ಕಾಲಿನಿಂದ ಕಳಚಿಕೊಂಡು ಕಣಿವೆಯ ದಾರಿ ಹಿಡಿಯಿತು. ಕೆಳಗೆಲ್ಲೋ ಕೋತಿಗಳು ಗಲಾಟೆ ಎಬ್ಬಿಸಿದವು. ನನ್ನ ಕೈಯೂ ತಂತಿಯ ಕಡೆ ಹೋಗಲು ನೋಡಿತು, ಹೆದರಿಕೆ ಅಂಟುರೋಗ. ಆದರೆ ಎದುರು ಮರದ ಮೇಲೆ ಹುಡುಗಿಯ ಕೈಗಳು ಇನ್ನೂ ಕೆಳಗೇ ಇದ್ದವು. ಕಾದೆ. ಇವರ ಕೂಗು ನಿಂತಿತು. ಬೈಗುಳವೂ ನಿಂತಿತು. ನನ್ನ ಎಡಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಸುಮ್ಮನೆ ಕೂತರು. ಹುಡುಗಿ ಕೈ ಎತ್ತಿದಳು. ಒತ್ತಿದೆ. ಕಟ್ಟೆಯ ಹಲಗೆಗೆ ಅವರ ಬರಿಗಾಲು ಮೆಲ್ಲಗೆ ತಾಗಿತು.

ಪಟ್ಟಿ ಬಿಚ್ಚಿಕೊಟ್ಟು ಕೆಳಗಿನ ಬೆಂಚಿನ ಮೇಲೆ ಕೂತೆವು. ಇವರು ಬರಿಗಾಲನ್ನು ಇನ್ನೊಂದು ಕಾಲಿನ ಮೇಲೆ ಹಾಕಿಕೊಂಡರು.

"ಸ್ಕೂಲ್ ಕಾರಲ್ಲಿ ನಂಗೂ ಒಂದು ಬ್ರೇಕಿದೆ" ಅಂದರು. "ಅದಕ್ಕೇ ಯಾರು ಕೂತ್ರೂ ಧೈರ್ಯ."

"ಅದ್ರಲ್ಲೇ ಕಲಿಸಬಹುದಿತ್ತಲ್ಲ ನಂಗೆ?"

"ಕಲಿಸಬಹುದಿತ್ತು. ಕಲಿತ್ಮೇಲೆ ಒಬ್ಳೇ ಹೋಗ್ತೀಯಲ್ಲ, ಆಗ ಪಕ್ಕದಲ್ಲಿ ಒತ್ತೋಕೆ ಯಾರಿರ್ತಾರೆ? ಪಾಸಾದೋರು ರಸ್ತೇಲಿ ಏನ್ಮಾಡ್ಕೋತಾರೋ ನಾನು ಯೋಚನೆ ಮಾಡಲ್ಲ. ನೀನು ಹೋದ್ರೆ, ವಾಪಸ್ ಬರೋ ತನಕ ನಾನು ಬಾಗಿಲಲ್ಲೇ ಕೂತಿರ್ಬೇಕಾಗುತ್ತೆ ಕಣೇ."

ಇಷ್ಟು ವರ್ಷ ನಾನು ಇವರ ಅಹಂಕಾರಕ್ಕೆ ಬೈದುಕೊಂಡು ಬಂದಿದ್ದೆ. ಅದು ಭಯ ಎಂದು ಗೊತ್ತಿರಲಿಲ್ಲ. ಹಾಗಂತ ಕರಗಿ ಪಂದ್ಯ ಬಿಟ್ಟುಕೊಡುವಷ್ಟು ಸಾಧ್ವಿ ನಾನಲ್ಲ.

"ಕೂತ್ಕೊಳ್ಳಿ" ಅಂದೆ. "ಇಷ್ಟು ವರ್ಷ ನಾನು ಕೂತಿಲ್ವಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ನನ್ನ ಅಂಗೈ ಮೇಲಿಟ್ಟರು.

ಕಾರು ನಿಲ್ಲಿಸಿದ್ದು ಬೇಲಿ ಹಾಕಿದ ಮಣ್ಣಿನ ಮೈದಾನದಲ್ಲಿ. ಅಲ್ಲಿ ಒಂದು ಸುತ್ತು ಹೊಡೆದು ನೋಡುವುದು, ರಸ್ತೆಗೆ ಇಳಿಯುವಾಗ ಅವರಿಗೆ ಕೊಡುವುದು ಎಂದು ಮಾತಾಯಿತು. ನಾನು ಸ್ಟೇರಿಂಗ್ ಮುಂದೆ ಕೂತೆ. ಅವರು ಪಕ್ಕದಲ್ಲಿ ಕೂತು, ಉಳಿದಿದ್ದ ಒಂದು ಶೂವನ್ನೂ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡರು.

ಕಾರು ಹೊರಟಿತು, ಕುಪ್ಪಳಿಸಿತು, ನಿಂತಿತು. ಮತ್ತೆ ಹೊರಟು ಗೇಟಿನ ಬಾಯಲ್ಲೇ ಅಡ್ಡಡ್ಡ ನಿಂತಿತು. ಹಿಂದೆ ಟೂರಿನ ವ್ಯಾನು ಹಾರ್ನ್ ಮಾಡಿತು, ಅದರ ಹಿಂದೆ ಇನ್ನೂ ಯಾರೋ. ಗೇಟಿನ ಕಾವಲಿನವನು ಸೀಟಿ ಊದುತ್ತ ಓಡಿ ಬಂದ. ನನ್ನ ಬೆನ್ನೆಲ್ಲ ಬೆವರು. ನಾನು ಇವರ ಕಡೆ ನೋಡಲಿಲ್ಲ, ಈಗ ಕೂಗು ಬಂತು ಎಂದು ಹಲ್ಲು ಕಚ್ಚಿ ಕಾದೆ. ಕೂಗು ಬರಲಿಲ್ಲ.

ಕಾವಲಿನವನು ಇವರ ಕಿಟಕಿಗೆ ಬಾಗಿದ. "ಏನ್ ಸಾರ್, ಸುಮ್ನೆ ಕೂತಿದ್ದೀರಲ್ಲ! ನೀವಾದ್ರೂ ಗಾಡಿ ತೆಗೀಬಾರ್ದಾ?"

ಇವರ ಶರ್ಟಿನ ಜೇಬಿನ ಮೇಲೆ ನಮ್ಮ ಡ್ರೈವಿಂಗ್ ಸ್ಕೂಲಿನ ಹೆಸರು ಕೆಂಪು ದಾರದಲ್ಲಿ ಹೊಲಿದಿತ್ತು. ಅದರ ಮೇಲೆ ಮೆಲ್ಲಗೆ ಅಂಗೈ ಮುಚ್ಚಿಕೊಂಡರು.

"ನಂಗೆ ಡ್ರೈವಿಂಗ್ ಬರಲ್ಲಪ್ಪಾ" ಅಂದರು ಬ್ರೇಕ್ ಮೇಷ್ಟ್ರು. "ಮೇಡಂ ತೆಗೀತಾರೆ, ಸ್ವಲ್ಪ ತಡಿ."